ದಿಲ್ಶಾದಾಬಾದಿನ ರೂಪಾಯಿ ಮತ್ತು ತಕರಾರಿನ ಗಿರಾಕಿ: ಜೂರಾಲ ಸೀಮೆಯ ಹಳೆಯ ನಾಣ್ಯಗಳ ಆನ್‌ಲೈನ್ ಮಾರಾಟವನ್ನು ಕುರಿತು

ಕೃಷ್ಣೆಗೆ ಜೂರಾಲದಲ್ಲಿ ಅಣೆಕಟ್ಟು ಕಟ್ಟಿದ ಸೀಮೆಯಲ್ಲಿ ಹೊಳೆಯ ಉತ್ತರಕ್ಕೆ ಮಕ್ತಲ್ ಮತ್ತು ನಾರಾಯಣಪೇಟೆ, ದಕ್ಷಿಣಕ್ಕೆ ಗದ್ವಾಲ. 1956ರವರೆಗೂ ಗದ್ವಾಲ ತಾಲ್ಲೂಕು ರಾಯಚೂರು ಜಿಲ್ಲೆಯಲ್ಲಿತ್ತು. ಮಕ್ತಲ್, ಕೃಷ್ಣಾ ಮಂಡಲಗಳ ಹಲವು ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡವೇ. ಸೀರೆಗೆ ಹೆಸರಾದ ಗದ್ವಾಲ, ನಾರಾಯಣಪೇಟೆಗಳು ನಾಣ್ಯಶಾಸ್ತ್ರಕ್ಕೂ ಪರಿಚಿತ. ಗದ್ವಾಲದ ರೂಪಾಯಿಯನ್ನೂ ನಾರಾಯಣಪೇಟೆಯ ರೂಪಾಯಿಯನ್ನೂ ನಾಣ್ಯಪಟ್ಟಿಗಳು ಹೈದರಾಬಾದಿನ ಅಧೀನ ಸಂಸ್ಥಾನಗಳ ಸಾಲಿನಲ್ಲಿ ದಾಖಲಿಸುತ್ತವೆ. ನಾರಾಯಣಪೇಟೆಯ ಟಂಕಸಾಲೆ ನಾಣ್ಯದ ಮೇಲೆ ಕೊಟ್ಟುಕೊಂಡ ಹೆಸರು ದಿಲ್ಶಾದಾಬಾದ್. ಅಜ್ಜಿಯ ಪೆಟ್ಟಿಗೆಯಲ್ಲೋ ದೇವರ ಗೂಡಿನಲ್ಲೋ ಉಳಿದುಕೊಂಡ ಇಂಥ ಬೆಳ್ಳಿಯ ಬಿಲ್ಲೆಗಳು ಈಗ ಮೊಬೈಲಿನ ಚಿತ್ರಗಳಾಗಿ ಮಾರಾಟಕ್ಕೆ ಬರುತ್ತಿವೆ.

ಮಾರುವವರು ಹೇಳಿಕೊಳ್ಳುವ ದೂರು ಸಾಮಾನ್ಯವಾಗಿ ಒಂದೇ: ಗಿರಾಕಿ ಬಲು ಕಷ್ಟದವನು. ಹತ್ತು ಫೋಟೋ ಕೇಳುತ್ತಾನೆ, ತೂಕ ಕೇಳುತ್ತಾನೆ, ಪಟ್ಟಿಯಲ್ಲಿರುವ ಬೆಲೆಯ ಅರ್ಧಕ್ಕೆ ಕೇಳುತ್ತಾನೆ, ಮಾಲು ಕೈಸೇರಿದ ಮೇಲೆ ನಕಲಿ ಎಂದು ಹಿಂದಿರುಗಿಸುತ್ತಾನೆ. ‘ಕಷ್ಟದ ಗಿರಾಕಿ’ ಎಂಬ ಒಂದೇ ಹೆಸರಿನಡಿ ನಾವು ಬೇರೆಬೇರೆ ಸ್ವಭಾವದ ಇಬ್ಬರನ್ನು ಸೇರಿಸಿಬಿಡುತ್ತೇವೆ ಎಂಬುದು ಈ ಲೇಖನದ ವಾದ. ಒಬ್ಬ ಸಂಶಯದ ಗಿರಾಕಿ, ಇನ್ನೊಬ್ಬ ಗಿರಾಕಿಯ ವೇಷದ ವಂಚಕ. ಮೊದಲನೆಯವನ ಪ್ರಶ್ನೆಗಳಿಗೆ ನಾಣ್ಯದಲ್ಲೇ ಕಾರಣವಿದೆ. ಆ ಪ್ರಶ್ನೆಗಳು ಸಂಶೋಧಕನ ಪ್ರಶ್ನೆಗಳೂ ಹೌದು.

ಕಾರಣ ತಯಾರಿಕೆಯಲ್ಲಿದೆ. ಈ ರೂಪಾಯಿಗಳು ಯಂತ್ರದಿಂದ ಬಂದವಲ್ಲ. ತೂಗಿ ಕತ್ತರಿಸಿದ ಬೆಳ್ಳಿಯ ಬಿಲ್ಲೆಯನ್ನು ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲಿನ ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಹೊಡೆದು ಮಾಡಿದವು. ಬಿಲ್ಲೆಗಿಂತ ಅಚ್ಚು ದೊಡ್ಡದು. ಮೊಘಲ್ ಬಾದಷಹರ ಹೆಸರು ಹೊತ್ತ ಫಾರಸಿ ಬರಹದಲ್ಲಿ ಒಂದು ಭಾಗ ಮಾತ್ರ ಬಿಲ್ಲೆಯ ಮೇಲೆ ಬೀಳುತ್ತದೆ, ಉಳಿದದ್ದು ಅಂಚಿನಾಚೆ ಹೋಗುತ್ತದೆ. ಹಾಗೆ ಹೊರಗುಳಿಯುವುದು ಎಷ್ಟೋ ಸಲ ಟಂಕಸಾಲೆಯ ಹೆಸರೇ, ಇಲ್ಲವೇ ಇಸವಿ. ಆಗ ಅಚ್ಚಿನ ಗುರುತು, ಅಕ್ಷರದ ಶೈಲಿ, ಚುಕ್ಕೆಗಳ ಜೋಡಣೆ ನೋಡಿ ಊರನ್ನು ಊಹಿಸಬೇಕು. ಇದಕ್ಕೆ ಹೋಲಿಸಿದರೆ 1835ರ ಕಂಪನಿ ರೂಪಾಯಿಯನ್ನಾಗಲಿ, 1903–04ರ ಹೊತ್ತಿಗೆ ಬಂದ ಚಾರ್‌ಮಿನಾರ್ ಚಿತ್ರದ ನಿಜಾಮರ ‘ಹಾಲಿ ಸಿಕ್ಕಾ’ ರೂಪಾಯಿಯನ್ನಾಗಲಿ ಗುರುತಿಸುವುದು ಸುಲಭ: ಒಂದರಂತೆ ಇನ್ನೊಂದು ಇರುತ್ತದೆ. ಕೈಯಚ್ಚಿನ ರೂಪಾಯಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಮಾರುವವರು ಪಟ್ಟಿಯ ಚಿತ್ರ ತೋರಿಸಿ ‘ಇದೇ ನಾಣ್ಯ’ ಎಂದರೆ ಗಿರಾಕಿ ಒಪ್ಪದಿರುವುದು ನ್ಯಾಯವೇ.

ಹಿಂದೆ ಈ ಸಂಶಯವನ್ನು ಬಗೆಹರಿಸಲು ಒಬ್ಬ ಮೂರನೆಯವನಿದ್ದ. ಪೇಟೆಯ ಚಿನಿವಾರ ಅಥವಾ ಸರಾಫ ರೂಪಾಯಿಯನ್ನು ತೂಗಿ, ಕಲ್ಲಿನ ಮೇಲೆ ಕುಟ್ಟಿ ಸದ್ದು ಕೇಳಿ, ಬೇಕೆನಿಸಿದರೆ ಅಂಚಿನಲ್ಲಿ ಸಣ್ಣ ಮುದ್ರೆಯೊತ್ತಿ ಒಳಗಿನ ಲೋಹ ನೋಡುತ್ತಿದ್ದ. ಪರಸ್ಥಳದ ಅಥವಾ ಸವೆದ ನಾಣ್ಯಕ್ಕೆ ಬಟ್ಟಾ, ಅಂದರೆ ಬೆಲೆಯಲ್ಲಿ ಕಡಿತ, ಹಿಡಿಯುತ್ತಿದ್ದ. ನಿಜಾಮರ ನಾಡಿನಲ್ಲಿ ಏಳು ಹಾಲಿ ರೂಪಾಯಿಗೆ ಆರು ಕಲ್ದಾರ (ಬ್ರಿಟಿಷ್ ರೂಪಾಯಿ) ಎಂಬುದು ತೀರ ಇತ್ತೀಚಿನವರೆಗೂ ಜನ ಬಾಯಲ್ಲಿಟ್ಟುಕೊಂಡಿದ್ದ ಲೆಕ್ಕ. ಅದಕ್ಕೂ ಹಿಂದೆ ಒಂದೊಂದು ಟಂಕಸಾಲೆಯ ರೂಪಾಯಿಗೂ ಒಂದೊಂದು ಬೆಲೆ. ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹ ಪರೀಕ್ಷಕನಾಗಿದ್ದ ಜೇಮ್ಸ್ ಪ್ರಿನ್ಸೆಪ್ 1834ರಲ್ಲಿ ದೇಶದ ನಾನಾ ನಾಣ್ಯಗಳ ತೂಕ ಮತ್ತು ಬೆಳ್ಳಿಯ ಪ್ರಮಾಣವನ್ನು ಕೋಷ್ಟಕಗಳಲ್ಲಿ ಪ್ರಕಟಿಸಿದ್ದು ಇದೇ ಗೊಂದಲಕ್ಕೆ ಉತ್ತರವಾಗಿ. ಅನುಮಾನಕ್ಕೆ ಅಂದು ಒಂದು ದರವಿತ್ತು, ಅದನ್ನು ತೀರಿಸುವ ಕಸುಬುದಾರನಿದ್ದ. ಆನ್‌ಲೈನ್ ಮಾರಾಟದಲ್ಲಿ ಆ ಮೂರನೆಯವನ ಜಾಗ ಖಾಲಿಯಿದೆ. ಚಿನಿವಾರನ ಕೆಲಸವೆಲ್ಲ ಗಿರಾಕಿಯ ತಲೆಗೆ ಬಂದಿದೆ, ನಾಣ್ಯ ಮಾತ್ರ ಅವನ ಕೈಯಲ್ಲಿಲ್ಲ.

ಹಾಗಾಗಿ ಮಾರುವವರೇ ಚಿನಿವಾರರ ಅರ್ಧ ಕೆಲಸ ಮಾಡಿಡಬೇಕು. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನಾಣ್ಯವನ್ನಿಟ್ಟು, ಅಂಕಿ ಕಾಣುವಂತೆ ಚಿತ್ರ ತೆಗೆಯಬೇಕು. ಎರಡೂ ಮುಖ, ಜೊತೆಗೆ ಅಂಚಿನ ಸುತ್ತು: ಎರಕದ ನಕಲಿಯಲ್ಲಿ ಸಂದಿನ ಗೆರೆ ಕಾಣುವುದು ಅಂಚಿನಲ್ಲೇ. ನಾಣ್ಯವನ್ನು ಗೀಚದೆ ಲೋಹ ನೋಡಲು ನೀರಿನ ಪರೀಕ್ಷೆ ಸಾಕು. ತಕ್ಕಡಿಯ ಮೇಲೆ ನೀರಿನ ಬಟ್ಟಲಿಟ್ಟು ಸೊನ್ನೆ ಮಾಡಿಕೊಂಡು, ದಾರದಲ್ಲಿ ಕಟ್ಟಿದ ನಾಣ್ಯವನ್ನು ತಳ ಮುಟ್ಟದಂತೆ ಮುಳುಗಿಸಿದರೆ, ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕ ಕಾಣುತ್ತದೆ. 11 ಗ್ರಾಮಿನ ಒಳ್ಳೆಯ ಬೆಳ್ಳಿಯ ನಾಣ್ಯಕ್ಕೆ ಇದು 1.07 ಗ್ರಾಮಿನ ಆಸುಪಾಸು. ಜರ್ಮನ್ ಸಿಲ್ವರ್ ಆದರೆ 1.27ರ ಹತ್ತಿರ ಹೋಗುತ್ತದೆ. ನಾಣ್ಯದ ತೂಕ, ಅದು ಸರಿಸಿದ ನೀರಿನ ತೂಕ, ಈ ಎರಡು ಅಂಕಿಗಳನ್ನು ಮೊದಲೇ ಬರೆದರೆ ‘ಬೆಳ್ಳಿಯೇನಾ?’ ಎಂಬ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ.

ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಮಾಡಿ ಬರೆಯುವುದು ಇದಕ್ಕಿಂತ ಮುಖ್ಯ. ‘ಟಂಕಸಾಲೆಯ ಹೆಸರು ಬಿಲ್ಲೆಯ ಮೇಲೆ ಬಿದ್ದಿಲ್ಲ, ಗುರುತಿನ ಆಧಾರದಿಂದ ನಾರಾಯಣಪೇಟೆಯದೆಂದು ಭಾವಿಸಿದೆ’ ಎಂದು ಬರೆದವರಿಗೆ ಜಗಳ ಬರುವುದು ಕಡಿಮೆ. 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಮಿನ ಪ್ರಕಾರ, ವಿವರಣೆಯ ಮೇಲೆ ಮಾರಿದ ವಸ್ತು ಆ ವಿವರಣೆಗೆ ಹೊಂದಲೇಬೇಕು. 41ನೇ ಕಲಮಿನಂತೆ, ಮೊದಲು ನೋಡದೆ ಕೊಂಡವನಿಗೆ ತಲುಪಿದ ಮೇಲೆ ಪರೀಕ್ಷಿಸುವ ಅವಕಾಶವೂ ಇದೆ. 2020ರ ಇ-ವಾಣಿಜ್ಯ ನಿಯಮಗಳು, ತನ್ನ ಮನೆಯ ವಸ್ತುವನ್ನು ಯಾವಾಗಲೋ ಒಮ್ಮೆ ಮಾರುವ ವ್ಯಕ್ತಿಯನ್ನು ಹೊರಗಿಟ್ಟಿವೆ. 1930ರ ಕಾಯ್ದೆ ಅವರನ್ನೂ ಬಿಡುವುದಿಲ್ಲ. ಆದ್ದರಿಂದ ‘ಅಪರೂಪ’, ‘ಗ್ಯಾರಂಟಿ ಅಸಲಿ’ ಎಂಬ ಮಾತುಗಳು ಮಾರುವವರಿಗೇ ಉರುಳಾಗುತ್ತವೆ.

ನಮ್ಮ ಕಡೆಯ ನಾಣ್ಯಗಳಿಗೆ ಇನ್ನೆರಡು ಸಮಸ್ಯೆಗಳಿವೆ. ಅನೇಕ ರೂಪಾಯಿಗಳು ಕೊರಳ ಸರದಲ್ಲಿ ಕೊಂಡಿ ಬೆಸೆದುಕೊಂಡು ಇದ್ದವು. ಕೊಂಡಿ ತೆಗೆದು ಉಜ್ಜಿದರೂ ಬೆಸುಗೆಯ ಕಲೆ ಉಳಿಯುತ್ತದೆ. ಅದನ್ನು ಬೆರಳಿನಿಂದ ಮರೆಮಾಡಿ ತೆಗೆದ ಚಿತ್ರವೇ ಮುಂದಿನ ಜಗಳದ ಬೀಜ. ಎರಡನೆಯದು, ಹುಣಸೆಹಣ್ಣು ವಿಭೂತಿ ಹಾಕಿ ಬೆಳಗುವ ಅಭ್ಯಾಸ. ದೇವರ ಬೆಳ್ಳಿಗೆ ಅದು ಸಲ್ಲುತ್ತದೆ. ಹಳೆಯ ನಾಣ್ಯದ ಕಪ್ಪು ಪೊರೆ ಹೋದರೆ ಸಂಗ್ರಾಹಕನ ಕಣ್ಣಿನಲ್ಲಿ ಬೆಲೆಯೂ ಹೋಯಿತು. ಬೆಳಗಿದ್ದನ್ನು ಬೆಳಗಿದ್ದೇವೆ ಎಂದೇ ಹೇಳಬೇಕು.

ಬೆಲೆಯ ಚೌಕಾಸಿಗೆ ಹೆಚ್ಚು ಮಾತು ಬೇಡ. ಕೊನೆಯ ಬೆಲೆ ಒಂದು ಸಲ ಹೇಳಿ ಸುಮ್ಮನಾಗುವುದು ಲೇಸು. ಹಿಂದಿರುಗಿಸುವ ಗಿರಾಕಿ ಬೇರೆ ನಾಣ್ಯ ಇಟ್ಟು ಕಳಿಸಿದರೆ ಎಂಬ ಭಯಕ್ಕೆ ಕೈಯಚ್ಚಿನ ಗುಣವೇ ರಕ್ಷೆ: ಬಿಲ್ಲೆಯ ಆಕಾರ, ಸರಾಫರ ಮುದ್ರೆಗಳ ಜಾಗ, ತೂಕ, ಮೂರೂ ಸೇರಿ ಒಂದು ನಾಣ್ಯಕ್ಕೊಂದೇ ಗುರುತು. ಕಟ್ಟುವಾಗ ಒಂದು, ಹಿಂದಕ್ಕೆ ಬಂದದ್ದನ್ನು ಬಿಚ್ಚುವಾಗ ಒಂದು ವಿಡಿಯೋ ಇದ್ದರೆ ಅದಲುಬದಲು ಮುಚ್ಚಿಡಲಾಗದು.

ವಂಚಕನ ಲಕ್ಷಣ ಸಂಶಯದ ಗಿರಾಕಿಯ ಲಕ್ಷಣಕ್ಕೆ ತದ್ವಿರುದ್ಧ. ಅವನು ತೂಕ ಕೇಳುವುದಿಲ್ಲ, ಅಂಚು ಕೇಳುವುದಿಲ್ಲ. ನೀವು ಹೇಳಿದ್ದಕ್ಕಿಂತ ಹೆಚ್ಚಿನ ಬೆಲೆಗೆ ತಕ್ಷಣ ಒಪ್ಪುತ್ತಾನೆ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೂ 786 ಅಂಕಿಯ ನೋಟಿಗೂ ಲಕ್ಷ ಲಕ್ಷ ಎನ್ನುವವರು ಈ ಜಾತಿಯವರು. ಆಮೇಲೆ ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ಮಾರುವವರಿಂದಲೇ ಹಣ ಕೀಳುತ್ತಾರೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಇದೇ ವಿಷಯವಾಗಿ ಸಾರ್ವಜನಿಕರನ್ನು ಎಚ್ಚರಿಸಿತು: ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಂದಲೂ ಶುಲ್ಕ ಕೇಳುವುದಿಲ್ಲ, ತನ್ನ ಪರವಾಗಿ ವಸೂಲಿಗೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು. ಇನ್ನೊಂದು ಬಗೆಯವರು ‘ಹಣ ಪಡೆಯಲು ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ’ ಎನ್ನುತ್ತಾರೆ. ಹಣ ಪಡೆಯುವುದಕ್ಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಹಣ ಹೋದರೆ ಆ ಗಳಿಗೆಯಲ್ಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ವಿದೇಶದ ಗಿರಾಕಿಯ ವಿಷಯ ಬೇರೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ನೂರು ವರ್ಷ ದಾಟಿದ ನಾಣ್ಯವನ್ನು ಪ್ರಾಚ್ಯವಸ್ತು ಎನ್ನುತ್ತದೆ. ಖಾಸಗಿಯವರು ಅದನ್ನು ದೇಶದಾಚೆ ಕಳಿಸುವುದು ನಿಷಿದ್ಧ, ಅದರ ವ್ಯಾಪಾರವನ್ನೇ ಕಸುಬಾಗಿಸಿಕೊಳ್ಳಲು ಪರವಾನಗಿ ಬೇಕು. ದಿಲ್ಶಾದಾಬಾದಿನ ರೂಪಾಯಿಗಳಿಗೆ ನೂರು ವರ್ಷ ಯಾವಾಗಲೋ ದಾಟಿತು. ‘ಉಡುಗೊರೆ ಎಂದು ಬರೆದು ಕಳಿಸಿ’ ಎನ್ನುವವನು ಎಷ್ಟೇ ಸಜ್ಜನನಂತೆ ಮಾತಾಡಿದರೂ, ಎಲ್ಲ ಗಿರಾಕಿಗಳಿಗಿಂತ ಹೆಚ್ಚು ಅಪಾಯದವನು. ಹೊಲದಲ್ಲೋ ಹಳೆಯ ಗೋಡೆಯಲ್ಲೋ ಸಿಕ್ಕ ನಿಧಿಯಾದರೆ ಮಾರುವ ಮಾತೇ ಇಲ್ಲ: 1878ರ ನಿಧಿ ಕಾಯ್ದೆಯಂತೆ ಕಲೆಕ್ಟರಿಗೆ ತಿಳಿಸಬೇಕು.

ಗಿರಾಕಿಗಳು ಎಷ್ಟೇ ಪ್ರಶ್ನೆ ಕೇಳಿದರೂ ಸಾಮಾನ್ಯವಾಗಿ ಕೇಳದೆ ಬಿಡುವುದು ಒಂದಿದೆ: ಈ ನಾಣ್ಯ ಯಾವ ಊರಿನಲ್ಲಿ, ಬೇರೆ ಯಾವ ನಾಣ್ಯಗಳ ಜೊತೆಯಲ್ಲಿ ಇತ್ತು? ಇತಿಹಾಸಕ್ಕೆ ಬೇಕಾದದ್ದು ಅದೇ. ನಾರಾಯಣಪೇಟೆಯ ರೂಪಾಯಿ ಭೀಮಾ ನದಿಯಾಚೆ ಎಲ್ಲಿಯವರೆಗೆ ಓಡಾಡಿತು, ಗದ್ವಾಲದ ನಾಣ್ಯದೊಂದಿಗೆ ಒಂದೇ ಗಂಟಿನಲ್ಲಿ ಇರುತ್ತಿತ್ತೇ, ಹಾಲಿ ಸಿಕ್ಕಾ ಬಂದ ಮೇಲೂ ಹಳ್ಳಿಗಳಲ್ಲಿ ಉಳಿಯಿತೇ ಎಂಬುದನ್ನು ಹೇಳಬಲ್ಲದ್ದು ಮನೆಯ ಗಂಟು ಮಾತ್ರ. ಗಂಟು ಬಿಡಿಬಿಡಿಯಾಗಿ ನಾಲ್ಕು ಊರಿಗೆ ಮಾರಾಟವಾದ ದಿನ ಆ ಸಾಕ್ಷ್ಯ ಅಳಿಸಿಹೋಗುತ್ತದೆ. ಮಾರುವ ಮುನ್ನ ಇಡೀ ಗಂಟನ್ನು ಒಟ್ಟಿಗೆ ಹರಡಿ ಒಂದು ಚಿತ್ರ ತೆಗೆದು, ಊರಿನ ಹೆಸರೂ ತೂಕಗಳ ಪಟ್ಟಿಯೂ ಸೇರಿದಂತೆ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಂಡು, ಇನ್ನೊಂದನ್ನು ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಕೊಡಬೇಕು.