ಕಾಯುವವರ ಯಾದಿ

ಜೂನ್ ತಿಂಗಳು ಬಂತೆಂದರೆ ನಮ್ಮಂಥ ಕಾಲೇಜು ಅಧ್ಯಾಪಕರ ಪಡಸಾಲೆಯಲ್ಲಿ ತಂದೆತಾಯಿಗಳು ಬಂದು ಕೂಡ್ರುವುದು ವಾಡಿಕೆ. ಈ ಸಲ ಬೈಲಹೊಂಗಲದ ಕಡೆಯ ಹಿರಿಯರೊಬ್ಬರು ಬಂದಿದ್ದರು. ಅವರ ಮಗಳಿಗೆ ಧಾರವಾಡದ ಒಂದು ಕಾಲೇಜಿನ ಮೇಲೆಯೇ ಮನಸ್ಸು. ಆದರೆ ಅವಳ ಹೆಸರು ಪ್ರವೇಶ ದೊರೆತವರ ಯಾದಿಯಲ್ಲಿರದೆ ಕಾಯುವವರ ಯಾದಿಯಲ್ಲಿತ್ತು.

“ಒಂದು ವರ್ಷ ಮನ್ಯಾಗ ಇರಲಿ ಬಿಡ್ರಿ ಸರ, ಮುಂದಿನ ವರ್ಷ ನೋಡಿದರಾತು. ಅಷ್ಟರಾಗ ಒಂದು ಸಂಬಂಧಾನೂ ಬಂದೈತಿ” ಎಂದರು.

ಆ ಕೊನೆಯ ಮಾತು ನನ್ನನ್ನು ಕಳವಳಕ್ಕೀಡುಮಾಡಿತು. ಹೆಣ್ಣುಮಕ್ಕಳ ಪಾಲಿಗೆ ಒಂದು ವರ್ಷದ ಬಿಡುವು ಎಷ್ಟೋ ಸಲ ಓದಿನ ಕೊನೆಯೇ ಆಗುವುದುಂಟು. ಅವರಿಗೆ ನಾನು ಬುದ್ಧಿವಾದ ಹೇಳಲಿಲ್ಲ, ನಮ್ಮ ಸೀಮೆಯ ಕಥೆಯನ್ನೇ ಹೇಳಿದೆ. ಏಕೆಂದರೆ ಒಂದು ಕಾಲಕ್ಕೆ ಈ ಇಡಿಯ ಸೀಮೆಯೇ ಕಾಯುವವರ ಯಾದಿಯಲ್ಲಿತ್ತು.

ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾದುದು 1857ರಲ್ಲಿ. ಆಗ ಬೈಲಹೊಂಗಲ, ಕಿತ್ತೂರುಗಳು ಸಂಪಗಾಂವ ತಾಲೂಕಿನವು, ಸವದತ್ತಿ ಪರಸಗಡ ತಾಲೂಕಿನದು. ರಾಮದುರ್ಗವಂತೂ ಭಾವೆ ಮನೆತನದ ಬೇರೆಯೇ ಸಂಸ್ಥಾನ. ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾದುದು 1948ರಲ್ಲಿ. ಈ ಊರುಗಳ ಹುಡುಗ ಪದವೀಧರನಾಗಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕು. ಊಟ, ವಸತಿ, ಫೀಜು ಎಲ್ಲವೂ ಪರಸ್ಥಳದಲ್ಲಿ, ಮಾತೂ ಪರರದೇ. ಆಲೂರ ವೆಂಕಟರಾಯರಂಥವರು ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋಗಿ ಕಲಿತು ಬಂದರು. ಹೋಗಲಾರದೆ ಮನೆಯಲ್ಲಿಯೇ ಉಳಿದ ಜಾಣರ ಹೆಸರು ಯಾವ ಚರಿತ್ರೆಯಲ್ಲಿಯೂ ಇಲ್ಲ.

ಹಾಗೆಂದು ನಮ್ಮ ಹಿರಿಯರು ಕೈಕಟ್ಟಿ ಕೂಡಲಿಲ್ಲ. ಸವದತ್ತಿಯ ಸೀಮೆಯ ಶಿರಸಂಗಿಯಲ್ಲಿ ಲಿಂಗರಾಜ ದೇಸಾಯರೆಂಬ ದೊಡ್ಡ ಜಹಗೀರುದಾರರಿದ್ದರು. 1906ರಲ್ಲಿ ತೀರಿಕೊಳ್ಳುವ ಮುನ್ನ ಅವರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟರು. ಜನ ಅವರನ್ನು ತ್ಯಾಗವೀರರೆಂದು ಕರೆದುದು ಸುಮ್ಮನೆ ಅಲ್ಲ.

ಮುಂದೆ 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಎಸ್. ಎಸ್. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಏಳು ಜನ ತರುಣ ಶಿಕ್ಷಕರು ಸೇರಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಇಂದಿಗೂ ಆ ಏಳು ಜನರನ್ನು ‘ಸಪ್ತರ್ಷಿಗಳು’ ಎಂದೇ ನೆನೆಯುತ್ತಾರೆ. ಅವರು ಮೊದಲು ತೆರೆದುದು ಕಾಲೇಜನ್ನಲ್ಲ, ಒಂದು ಶಾಲೆಯನ್ನು. ಕೈಲಾದುದನ್ನು ಆಗಲೇ ಆರಂಭಿಸುವುದು, ಆಗಬೇಕಾದುದರ ಮೇಲೆ ಕಣ್ಣಿಡುವುದು, ಇದೇ ಅವರ ರೀತಿ. ಹದಿನೇಳು ವರ್ಷಗಳ ತರುವಾಯ, 1933ರಲ್ಲಿ, ಅದೇ ಸಂಸ್ಥೆ ಬೆಳಗಾವಿಯಲ್ಲಿ ಕಾಲೇಜನ್ನು ತೆರೆದು ಅದಕ್ಕೆ ಲಿಂಗರಾಜರ ಹೆಸರಿಟ್ಟಿತು.

ಇತ್ತ ಧಾರವಾಡದಲ್ಲಿ ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮುಂತಾದವರು ಪಟ್ಟು ಹಿಡಿದು ದುಡಿದುದರಿಂದ 1917ರಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಆದರೂ ಪದವಿ ಕೊಡುವ ಅಧಿಕಾರ ಮುಂಬಯಿಯದೇ. 1949ರ ಕಾನೂನಿನಿಂದ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ 1950ರಲ್ಲಿ ಧಾರವಾಡಕ್ಕೆ ಬಂದ ಮೇಲೆ ಆ ಕೊರತೆಯೂ ನೀಗಿತು. ಬೆಳಗಾವಿಯಲ್ಲಿ ಅದರ ಸ್ನಾತಕೋತ್ತರ ಕೇಂದ್ರವಾಗಿದ್ದುದೇ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಕಿತ್ತೂರನ್ನಾಳಿ, ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿ 1829ರಲ್ಲಿ ಕಣ್ಣುಮುಚ್ಚಿದ ರಾಣಿಯ ಹೆಸರು ಇಂದು ಈ ಸೀಮೆಯ ಮಕ್ಕಳ ಪದವಿಪತ್ರದ ಮೇಲಿದೆ.

ಇಷ್ಟು ಹೇಳಿ ನಾನು ಆ ಹಿರಿಯರಿಗೆ ಅಂದೆ: “ನೋಡ್ರಿ ಯಜಮಾನರ, ನಮ್ಮ ಹಿರಿಯರು ಪುಣೆಯ ಬಾಗಿಲು ತೆರೀಲಿ ಅಂತ ಹೊಸ್ತಿಲದಾಗ ಕೂಡಲಿಲ್ಲ. ನೀವೂ ಕೂಡಬ್ಯಾಡ್ರಿ. ಊರ ಕಾಲೇಜಿನಾಗ ಇವತ್ತs ಹೆಸರು ಹಚ್ಚಿಸ್ರಿ. ಧಾರವಾಡದ ಯಾದಿಯೊಳಗಿನ ಹೆಸರನ್ನೂ ತಗಸಬ್ಯಾಡ್ರಿ.”

ವ್ಯವಹಾರದ ಮಾತನ್ನೂ ಕೂಡಿಸಿದೆ. ಯಾದಿಯಲ್ಲಿ ಎಷ್ಟನೆಯವಳೆಂದು, ಹೋದ ವರ್ಷ ಎಷ್ಟರವರೆಗೆ ಕರೆದರೆಂದು ಕೇಳಿಕೊಳ್ಳಬೇಕು. ಸೀಟು ಬಿಟ್ಟರೆ ಫೀಜು ಎಷ್ಟು ಮರಳಿ ಬರುತ್ತದೆಂಬುದನ್ನು ಮೊದಲೇ ತಿಳಿದಿರಬೇಕು. ಮೂಲ ಪ್ರಮಾಣಪತ್ರಗಳನ್ನು ಕಾಲೇಜುಗಳು ಇಟ್ಟುಕೊಳ್ಳಕೂಡದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿಯೇ ಹೇಳಿದೆ. ಇಂಜಿನಿಯರಿಂಗಿನಂಥ ಸಿಇಟಿ ಪ್ರವೇಶದಲ್ಲಿ ಸಿಕ್ಕ ಸೀಟನ್ನು ಉಳಿಸಿಕೊಂಡೇ ಮುಂದಿನ ಸುತ್ತಿಗೆ ಕಾಯುವ ಆಯ್ಕೆಯೂ ಉಂಟು. ಆಯಾ ವರ್ಷದ ನಿಯಮಗಳನ್ನು ಓದಿಕೊಂಡರಾಯಿತು. ಇನ್ನು, ಕರೆ ಬರದಿದ್ದರೆ ಇಂಥ ದಿನದ ಮೇಲೆ ಕಾಯುವುದಿಲ್ಲವೆಂದು ಮನಸ್ಸಿನಲ್ಲಿಯೇ ಒಂದು ಗಡುವು ಹಾಕಿಕೊಳ್ಳಬೇಕು.

ಹಿರಿಯರು ಬಹಳ ಹೊತ್ತು ಸುಮ್ಮನಿದ್ದು ಎದ್ದು ಹೋದರು. ವಾರದ ಮೇಲೆ ಫೋನು ಬಂತು. ಮಾತನಾಡಿದವಳು ಮಗಳು. ಊರಲ್ಲಿಯೇ ಬಿ.ಎಸ್‌ಸಿ.ಗೆ ಹೆಸರು ಹಚ್ಚಿದ್ದಳು. ಬಂದ ಸಂಬಂಧಕ್ಕೆ ಮೂರು ವರ್ಷ ತಡೆಯಿರೆಂದು ಅಪ್ಪನೇ ಹೇಳಿ ಕಳಿಸಿದ್ದನಂತೆ. ಧಾರವಾಡದ ಎರಡನೆಯ ಯಾದಿ ಇನ್ನೂ ಹೊರಬಿದ್ದಿರಲಿಲ್ಲ. ಅದನ್ನು ಕೇಳಬೇಕೆಂದು ನನಗೂ ಅನ್ನಿಸಲಿಲ್ಲ, ಅವಳೂ ಹೇಳಲಿಲ್ಲ. ನಾಳೆಯಿಂದ ತರಗತಿಗಳು ಆರಂಭವೆಂದಷ್ಟೇ ಹೇಳಿದಳು.