ಡೇಟಿಂಗ್ ಆ್ಯಪ್

ಪರಿಚಯವಿಲ್ಲದವರು ಪ್ರೀತಿಗೋ ಸಾಂಗತ್ಯಕ್ಕೋ ಒಬ್ಬರನ್ನೊಬ್ಬರು ಹುಡುಕಿಕೊಳ್ಳಲು ಬಳಸುವ ಮೊಬೈಲ್ ತಂತ್ರಾಂಶ. ಜಾತಿ, ಜಾತಕ ನೋಡಿ ಹೆತ್ತವರೇ ಖಾತೆ ತೆರೆಯುವುದೂ ಇರುವ ಮ್ಯಾಟ್ರಿಮೊನಿ ತಾಣಗಳಿಗಿಂತ ಇದು ಭಿನ್ನ. ಇಲ್ಲಿ ಆಯ್ಕೆ ಬಳಸುವವರದೇ.

ಹಿನ್ನೆಲೆ

1965ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳು ಆರಂಭಿಸಿದ ‘ಆಪರೇಷನ್ ಮ್ಯಾಚ್’ಗೆ ಪ್ರಶ್ನಾವಳಿ ತುಂಬಿ 3 ಡಾಲರ್ ಕಳಿಸಿದವರಿಗೆ, ಕಂಪ್ಯೂಟರ್ ಹೊಂದಿಸಿದ ಹೆಸರುಗಳು ಅಂಚೆಯಲ್ಲಿ ಬರುತ್ತಿದ್ದವು. 1995ರಲ್ಲಿ ಮ್ಯಾಚ್.ಕಾಮ್ ಇದನ್ನು ಅಂತರಜಾಲಕ್ಕೆ ತಂದಿತು.

ದೂರದ ಲೆಕ್ಕ

ನಿಜವಾದ ತಿರುವು ಬಂದದ್ದು ಫೋನಿಗೆ ತಾನಿರುವ ಜಾಗ ಗೊತ್ತಾದ ಮೇಲೆ. 2009ರ ಗ್ರೈಂಡರ್ ಸಲಿಂಗಕಾಮಿ ಪುರುಷರಿಗೆ ಸುತ್ತಮುತ್ತಲಿನವರನ್ನು ದೂರದ ಕ್ರಮದಲ್ಲಿ ತೋರಿಸಿತು. ಪರಿಚಯ ಮಾಡಿಸಲು ನೆಂಟರಾಗಲಿ ಗೆಳೆಯರಾಗಲಿ ಇಲ್ಲದವರಿಗೆ ಇದು ದೊಡ್ಡ ಆಸರೆಯಾಯಿತು. 2012ರ ಟಿಂಡರ್ ಇದಕ್ಕೆ ಸ್ವೈಪ್ ಸೇರಿಸಿತು: ಇಬ್ಬರೂ ಬಲಕ್ಕೆ ಸರಿಸಿದರೆ ಮಾತ್ರ ಮಾತುಕತೆ, ಎಡಕ್ಕೆ ಸರಿಸಿದ್ದು ಇನ್ನೊಬ್ಬರಿಗೆ ತಿಳಿಯದು.

ಆ್ಯಪ್ ದೂರವನ್ನು ಹೇಳುತ್ತದೆ, ದಿಕ್ಕನ್ನಲ್ಲ. ಆದರೂ ಅಪಾಯ ತಪ್ಪಲಿಲ್ಲ. ಮೂರು ಬೇರೆ ಜಾಗಗಳಿಂದ ಒಬ್ಬ ವ್ಯಕ್ತಿಯ ದೂರ ನೋಡಿಕೊಂಡು, ನಕ್ಷೆಯಲ್ಲಿ ಆಯಾ ದೂರವನ್ನೇ ತ್ರಿಜ್ಯವಾಗಿಟ್ಟು ಮೂರು ವೃತ್ತ ಎಳೆದರೆ, ಅವು ಕೂಡುವ ಬಿಂದುವಿನಲ್ಲಿ ಆ ವ್ಯಕ್ತಿ ಇರುತ್ತಾನೆ. ಜಾಗ ಬದಲಿಸಲು ನಡೆಯಬೇಕಿಲ್ಲ. ಫೋನಿಗೆ ಸುಳ್ಳು ಸ್ಥಳ ಕೊಟ್ಟರಾಯಿತು. ಟಿಂಡರ್ ತೆರೆಯ ಮೇಲೆ ಪೂರ್ಣಾಂಕದ ಮೈಲಿ ತೋರಿಸುತ್ತಿದ್ದಾಗಲೂ ಅದರ ಸರ್ವರ್ ಹಲವು ದಶಮಾಂಶಗಳವರೆಗಿನ ದೂರ ಕಳಿಸುತ್ತಿತ್ತೆಂದು ಭದ್ರತಾ ತಜ್ಞರು 2014ರಲ್ಲಿ ಬಹಿರಂಗಪಡಿಸಿದರು. ಅಷ್ಟರೊಳಗೆ ಆ ದೋಷ ಸರಿಯಾಗಿತ್ತು. ಅದೇ ವರ್ಷ ಗ್ರೈಂಡರ್, ಈಜಿಪ್ಟಿನಂತಹ ದೇಶಗಳಲ್ಲಿ ಬಳಕೆದಾರರ ಬಂಧನದ ಭೀತಿ ಎದ್ದಾಗ, ಅಲ್ಲಿ ದೂರ ತೋರಿಸುವುದನ್ನೇ ನಿಲ್ಲಿಸಿತು.

ವ್ಯವಹಾರ

ಸೇರಲು ಹಣ ಬೇಡ. ಹೆಚ್ಚು ಜನರ ಕಣ್ಣಿಗೆ ಬೀಳಲು, ತಮ್ಮನ್ನು ಮೆಚ್ಚಿದವರನ್ನು ನೋಡಲು ಬೇಕು. ಟಿಂಡರ್, ಹಿಂಜ್, ಓಕೆಕ್ಯುಪಿಡ್ ಮೂರೂ ಮ್ಯಾಚ್ ಗ್ರೂಪ್‌ನವು. ಇನ್ನೊಂದು ಆ್ಯಪ್ ಬಂಬಲ್ 2021ರಲ್ಲಿ ಷೇರುಪೇಟೆ ಪ್ರವೇಶಿಸಿತು.

ಸಮಾಜ

ಸ್ಟ್ಯಾನ್‌ಫರ್ಡ್‌ನ ಮೈಕೆಲ್ ರೋಸನ್‌ಫೆಲ್ಡ್ ಮತ್ತು ಸಂಗಡಿಗರ 2019ರ ಅಧ್ಯಯನದಂತೆ, ಅಮೆರಿಕದಲ್ಲಿ 2017ರಲ್ಲಿ ಜೊತೆಯಾದ ಗಂಡು-ಹೆಣ್ಣು ಜೋಡಿಗಳಲ್ಲಿ ಸುಮಾರು ಶೇ. 39ರಷ್ಟು ಆನ್‌ಲೈನ್‌ನಲ್ಲಿ ಭೇಟಿಯಾದವರು. ಗೆಳೆಯರ ಮೂಲಕ ಪರಿಚಯವಾದವರಿಗಿಂತ ಇವರೇ ಹೆಚ್ಚು. ಈ ಲೆಕ್ಕದಲ್ಲಿ ವೆಬ್ ತಾಣಗಳೂ ಸೇರಿರುವುದರಿಂದ ಪೂರ್ತಿ ಆ್ಯಪ್‌ಗಳ ಖಾತೆಗೆ ಬರೆಯಲಾಗದು.

ಭಾರತದಲ್ಲಿ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು, ಅದನ್ನು ಅಪರಾಧವಾಗಿಸಿದ್ದ ದಂಡ ಸಂಹಿತೆಯ 377ನೇ ಕಲಮಿನಿಂದ ಹೊರಗಿಟ್ಟಿತು. ಅದಕ್ಕೆ ಮುಂಚೆ, ನಕಲಿ ಖಾತೆಯಿಂದ ಭೇಟಿಗೆ ಕರೆದು ಹಣ ಕಿತ್ತವರ ಮೇಲೆ ದೂರು ಕೊಡಲು ಹೋದವನು ತಾನೇ ಆರೋಪಿಯಾಗುವ ಭಯವಿತ್ತು. ಈಗ ಆ ಭಯಕ್ಕೆ ಕಾನೂನಿನ ಆಧಾರವಿಲ್ಲ. ಮನೆಯವರಿಗೆ ಗೊತ್ತಾದೀತೆಂದು ಠಾಣೆಯ ಮೆಟ್ಟಿಲು ಹತ್ತದವರು ಈಗಲೂ ಇದ್ದಾರೆ.