ವಯಸ್ಕ ರೋಗಿಗಳ ಶುಶ್ರೂಷೆ: ಶಿರಗುಪ್ಪಿ ಮತ್ತು ಹುಬ್ಬಳ್ಳಿ ಸೀಮೆ

ಜ್ವರ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ದಮ್ಮು ಮುಂತಾದ ಕಾಯಿಲೆಗಳಿರುವ ವಯಸ್ಕರ ಸ್ಥಿತಿಯನ್ನು ದಾದಿಯೇ ಪರೀಕ್ಷಿಸಿ, ಬರೆದಿಟ್ಟು, ಆರೈಕೆ ಮಾಡುವ ಕ್ರಮ. ಹುಬ್ಬಳ್ಳಿ ತಾಲ್ಲೂಕಿನ ಹೋಬಳಿ ಊರಾದ ಶಿರಗುಪ್ಪಿಯಂಥ ಕಡೆ ಇದು ನೆಲೆಯೂರಿದ್ದು ತೀರ ಈಚೆಗೆ. ಅದಕ್ಕೂ ಮೊದಲು ಬಹುಕಾಲ ಹಳ್ಳಿಯ ಸರ್ಕಾರಿ ದಾದಿಯ ಕೆಲಸವೆಂದರೆ ಹೆರಿಗೆ, ಚುಚ್ಚುಮದ್ದು ಮತ್ತು ಕುಟುಂಬ ಯೋಜನೆ.

1898ರ ಪ್ಲೇಗಿನಲ್ಲಿ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ ಲಸಿಕೆಯನ್ನು ಸಾಮೂಹಿಕವಾಗಿ ಹಾಕಲಾಯಿತು. ಆಗಿನ ಆರೋಗ್ಯಾಡಳಿತದ ಲಕ್ಷ್ಯವೆಲ್ಲ ಸಾಂಕ್ರಾಮಿಕದ ಮೇಲೆ. ರೋಗಿಯ ಹಾಸಿಗೆಯ ಬಳಿ ನಿಂತು ನೋಡುವುದೇ ದಾದಿಯ ಮುಖ್ಯ ವಿದ್ಯೆಯೆಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರೂ ಈ ಭಾಗದ ಹಳ್ಳಿಗಳಿಗೆ ಅದು ತಲುಪಲು ನೂರು ವರ್ಷವೇ ಸಾಲಲಿಲ್ಲ. 1946ರ ಭೋರ್ ಸಮಿತಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ನಕ್ಷೆ ಹಾಕಿತು. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಬಂತು. ಏಕೀಕರಣದ ಮರುವರ್ಷ, 1957ರಲ್ಲಿ, ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಹೆಸರು ಎಷ್ಟು ಸಲ ಬದಲಾದರೂ ಜನರ ಬಾಯಲ್ಲಿ ಅದು ಇಂದಿಗೂ ‘ಕೆಎಂಸಿ’.

ಮಾಹಿತಿ ಸಂಗ್ರಹ, ಯೋಜನೆ, ಆರೈಕೆ, ಮೌಲ್ಯಮಾಪನ ಎಂಬ ನಾಲ್ಕು ಹಂತಗಳ ಶುಶ್ರೂಷಾ ಪ್ರಕ್ರಿಯೆಯನ್ನು ಯುರಾ ಮತ್ತು ವಾಲ್ಶ್ 1967ರಲ್ಲಿ ಅಮೆರಿಕದಲ್ಲಿ ರೂಪಿಸಿದರು. ಪಠ್ಯದಲ್ಲಿ ಅದು ಬೇಗ ಸೇರಿತು. ಒಬ್ಬ ದಾದಿಯ ಪಾಲಿಗೆ ಹತ್ತಾರು ಹಾಸಿಗೆ ಬೀಳುವ ವಾರ್ಡಿನಲ್ಲಿ ಮಾತ್ರ ಅದು ವಿದ್ಯಾರ್ಥಿನಿಯರ ಕೇಸ್ ಬರೆಯುವ ಪುಸ್ತಕ ದಾಟಿ ಬಂದದ್ದು ಕಡಿಮೆ.

ನಿಜವಾದ ತಿರುವು ಬಂದದ್ದು 2010ರ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮದಿಂದ ಮತ್ತು 2018ರ ಆಯುಷ್ಮಾನ್ ಭಾರತ್ ಕ್ಷೇಮ ಕೇಂದ್ರಗಳಿಂದ. ನರ್ಸಿಂಗ್ ಓದಿದವರು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಉಪಕೇಂದ್ರಗಳಿಗೆ ಬಂದರು. 30 ದಾಟಿದವರ ಸೊಂಟದ ಸುತ್ತಳತೆ, ತಂಬಾಕಿನ ಚಟ, ಮನೆತನದ ಕಾಯಿಲೆಗಳನ್ನು ಆಶಾ ಕಾರ್ಯಕರ್ತೆ ನಮೂನೆಯಲ್ಲಿ ತುಂಬುತ್ತಾಳೆ. ಆ ಉತ್ತರಗಳಿಗೆ ಸಿಗುವ ಒಟ್ಟು ಅಂಕ 4 ಮೀರಿದವರನ್ನು ಮೊದಲು ತಪಾಸಣೆಗೆ ಕರೆಯಬೇಕು.

ಬಿಪಿ ನೋಡುವುದು ಸುಲಭವೆನಿಸುತ್ತದೆ, ಆದರೆ ತಪ್ಪುವುದೂ ಅಲ್ಲೇ. ಹೊಲದಿಂದ ನಡೆದು ಬಂದವರನ್ನು 5 ನಿಮಿಷ ಕೂರಿಸಬೇಕು, ಬೆನ್ನಿಗೆ ಆಸರೆ ಕೊಡಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಎರಡು ಸಲ ಅಳೆಯಬೇಕು. ಒಂದೇ ಸಲದ 140/90ಕ್ಕೆ ಜೀವನಪೂರ್ತಿ ಗುಳಿಗೆ ಹಚ್ಚುವಂತಿಲ್ಲ. ಸಕ್ಕರೆ ಕಾಯಿಲೆಯವರ ಪಾದ ಪರೀಕ್ಷೆ ಇನ್ನೂ ಮುಖ್ಯ. ಎರೆಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರ ಹಿಮ್ಮಡಿ ಬಿರಿದಿರುತ್ತದೆ. ನರ ಸತ್ತ ಕಾಲಿಗೆ ಮುಳ್ಳು ನೆಟ್ಟರೂ ತಿಳಿಯದು. 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿ, ಕಣ್ಣು ಮುಚ್ಚಿದ ರೋಗಿಗೆ ‘ಹತ್ತತೇನ್ರಿ?’ ಎಂದು ಕೇಳುವುದೇ ಪರೀಕ್ಷೆ. ಗೊತ್ತಾಗದಿದ್ದರೆ ಬೆರಳಸಂದಿ ನೋಡಿಕೊಳ್ಳುವುದು, ಚಪ್ಪಲಿ ಹಾಕುವುದು, ಗಾಯ ಕಂಡ ದಿನವೇ ದವಾಖಾನೆಗೆ ಬರುವುದು, ಇವನ್ನು ಮನೆಯವರಿಗೂ ಕಲಿಸಬೇಕು.

2024ರಲ್ಲಿ ರಾಜ್ಯ ಸರ್ಕಾರ ‘ಗೃಹ ಆರೋಗ್ಯ’ ಯೋಜನೆಯನ್ನು ಕೋಲಾರದಲ್ಲಿ ಆರಂಭಿಸಿ, ಮುಂದೆ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. ತಪಾಸಣೆ ಮನೆ ಬಾಗಿಲಿಗೇ ಬರುತ್ತದೆ. ಬಿತ್ತನೆ, ಕಳೆ, ಹತ್ತಿ ಬಿಡಿಸುವ ದಿನಗಳಲ್ಲಿ ಮಾತ್ರ ಮಧ್ಯಾಹ್ನ ಮನೆಯಲ್ಲಿ ಸಿಗುವವರು ಮುದುಕರು ಮತ್ತು ಮಕ್ಕಳು. 30ರಿಂದ 60ರವರನ್ನು ಹಿಡಿಯಲು ಹೊತ್ತು ಮುಳುಗಿದ ಮೇಲೆಯೇ ಹೋಗಬೇಕು.